ಕುರ್ಚಿ ಬಿಡುವ ಧರ್ಮ

ಅಧಿಕಾರ ಹಿಡಿಯುವುದು ಲೋಭ, ಬಿಡುವುದು ತ್ಯಾಗ: ಚಿಕ್ಕಂದಿನಿಂದ ಪುರಾಣ ಕೇಳಿ ಬೆಳೆದ ನಮ್ಮ ಲೆಕ್ಕ ಇದು. ರಾಜಕಾರಣದಲ್ಲಿ ಈ ಲೆಕ್ಕ ಸರಿಹೋಗುವುದೇ?

ನಮ್ಮ ಜಿಲ್ಲೆಯವರೇ ಆದ ರಾಮಕೃಷ್ಣ ಹೆಗಡೆಯವರನ್ನು ನೋಡೋಣ. ಸಿದ್ದಾಪುರದ ದೊಡ್ಮನೆಯಲ್ಲಿ 1926ರಲ್ಲಿ ಹುಟ್ಟಿದ ಅವರು 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಅವರ ಪಕ್ಷಕ್ಕೆ ದಕ್ಕಿದ್ದು 4. ಅದಕ್ಕಾಗಿ ಕುರ್ಚಿ ಬಿಡಬೇಕೆಂದು ಯಾವ ಕಾಯದೆಯೂ ಹೇಳಿರಲಿಲ್ಲ. ಆದರೂ ರಾಜೀನಾಮೆಯಿತ್ತು ಜನರೆದುರು ನಿಂತರು. 1985ರ ಮಾರ್ಚಿನಲ್ಲಿ 139 ಸ್ಥಾನ ಗೆದ್ದು ಮರಳಿದರು. 1986ರಲ್ಲಿ ಸಾರಾಯಿ ಗುತ್ತಿಗೆಯ ಸಂಬಂಧ ಹೈಕೋರ್ಟು ಟೀಕಿಸಿದಾಗ ಮತ್ತೆ ರಾಜೀನಾಮೆಯಿತ್ತರು. ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ ಬಿಟ್ಟ ಕುರ್ಚಿ ಮಾತ್ರ ಮರಳಿ ಬರಲಿಲ್ಲ. 1996ರಲ್ಲಿ ರಾಜ್ಯಸಭೆ ಸೇರಿದರು, 1998ರಲ್ಲಿ ಕೇಂದ್ರದ ವಾಣಿಜ್ಯ ಮಂತ್ರಿಯಾದರು. 2004ರಲ್ಲಿ ತೀರಿಕೊಂಡರು.

ಮೊದಲನೆಯ ರಾಜೀನಾಮೆಯನ್ನು ಹೊಗಳಿ, ಎರಡನೆಯದನ್ನು ನಾಟಕವೆಂದು ನಗುವುದು ಸುಲಭ. ನಾನೂ ಹಾಗೆಯೇ ಎಣಿಸಿದ್ದೆ. ಆ ಎಣಿಕೆಯನ್ನು ಅಲುಗಿಸಿದ್ದು ಬೇಲೆಕೇರಿ.

ಅಂಕೋಲೆಯ ಬಳಿಯ ಈ ಚಿಕ್ಕ ಬಂದರದಲ್ಲಿ 2010ರಲ್ಲಿ ಮುಟ್ಟುಗೋಲು ಹಾಕಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಕಾಣೆಯಾಯಿತು. ಅದಿರು ಹಿಡಿದ ಅರಣ್ಯಾಧಿಕಾರಿಯನ್ನೇ ಅಮಾನತಿನಲ್ಲಿಡಲು ಸರಕಾರ ಹೊರಟಾಗ, ಲೋಕಾಯುಕ್ತರಾಗಿದ್ದ ಸಂತೋಷ ಹೆಗ್ಡೆಯವರು ರಾಜೀನಾಮೆ ಕೊಟ್ಟರು. ಅವರೂ ಅದನ್ನು ಹಿಂದಕ್ಕೆ ತೆಗೆದುಕೊಂಡರು! ಮರಳಿ ಕುಳಿತದ್ದರಿಂದಲೇ 2011ರ ಜುಲೈಯಲ್ಲಿ ಅವರ ಗಣಿ ವರದಿ ಹೊರಬಂದಿತು. ಮುಖ್ಯಮಂತ್ರಿಯೊಬ್ಬರು ಕುರ್ಚಿ ಬಿಡಬೇಕಾಯಿತು. ಇಲ್ಲಿ ದೊಡ್ಡದು ಯಾವುದು? ಬಿಟ್ಟದ್ದೋ, ಮರಳಿದ್ದೋ?

ರಾಜೀನಾಮೆ ಕೊಡುವವನ ಅಂತರಂಗವನ್ನು ಅಳೆಯುವ ಕೋಲು ನಮ್ಮಲ್ಲಿಲ್ಲ. ಆಮೇಲೆ ಅವನಿಂದ ಏನಾಯಿತೆಂಬುದನ್ನಷ್ಟೇ ನಾವು ನೋಡಬಲ್ಲೆವು. ಹಾಗೆ ನೋಡಿದರೆ, ಸಂತೋಷ ಹೆಗ್ಡೆಯವರು ಮರಳಿ ಕುಳಿತ ಆ ಪೀಠಕ್ಕೆ ಆಧಾರವಾದ 1984ರ ಕಾಯದೆ ರಾಮಕೃಷ್ಣ ಹೆಗಡೆಯವರ ಸರಕಾರದ್ದು. ಮುಖ್ಯಮಂತ್ರಿಯನ್ನೂ ಪ್ರಶ್ನಿಸಬಲ್ಲ ಪೀಠವನ್ನು ಮುಖ್ಯಮಂತ್ರಿಯೇ ಕಟ್ಟಿದ್ದು! ಅವರ ಮೂರು ರಾಜೀನಾಮೆಗಳಿಗಿಂತ ಈ ಒಂದು ಕೆಲಸ ನನಗೆ ಮಿಗಿಲಾಗಿ ಕಾಣುತ್ತದೆ. ಕುರ್ಚಿ ಬಿಟ್ಟು ಎದ್ದವನ ಕೀರ್ತಿ ಅವನೊಬ್ಬನದು. ಕುರ್ಚಿಯಲ್ಲಿದ್ದೇ ಅದಕ್ಕೆ ಕಡಿವಾಣ ತೊಡಿಸಿದರೆ, ಅದರ ಫಲ ಮುಂದಿನವರಿಗೂ ಸಲ್ಲುತ್ತದೆ.

ಕಡಿವಾಣವಿದ್ದೂ ಬೇಲೆಕೇರಿಯ ಅದಿರು ಹಡಗು ಹತ್ತಿಹೋಯಿತಲ್ಲ ಎನ್ನಬಹುದು. ನಿಜ. ಕಡಿವಾಣ ಮಾಡುವವನು ಒಬ್ಬ ಸಾಕು; ಹಿಡಿದು ನಿಲ್ಲಲು ಮಾತ್ರ ನಾವೆಲ್ಲರೂ ಬೇಕು.