ಎಕಾರದ ಉಸಿರು

ಹುಮನಾಬಾದಿನ ಪ್ಯಾಟಿಯಲ್ಲಿ ತೊಗರಿ ಚೀಲಗಳ ನಡುವೆ ಸುಮ್ಮನೆ ನಿಂತು ಕಿವಿಗೊಟ್ಟರೆ, ಪುಸ್ತಕದ ‘ಬೇಳೆ’ ಬಾಯಗಲಿಸಿಕೊಂಡು ‘ಬ್ಯಾಳಿ’ಯಾಗುವುದೂ ‘ಬೆಳೆ’ ತುದಿಯಲ್ಲಿ ಸಣ್ಣಗಾಗಿ ‘ಬೆಳಿ’ ಎಂದು ಜಾರುವುದೂ ಕೇಳುತ್ತದೆ. ಹೊಲದಲ್ಲಿ ತೂಗುವಾಗ ಬೆಳೆ, ಒಡೆದು ಹಳದಿ ಹೋಳಾದಾಗ ಬೇಳೆ. ಬರಹದಲ್ಲಿ ಇವೆರಡರ ನಡುವೆ ಇರುವುದು ಒಂದು ಮಾತ್ರೆಯ ಉಸಿರು ಮಾತ್ರ. ಸ್ಪ್ಯಾನಿಷಿನ ಎಕಾರಕ್ಕೆ ಈ ಹ್ರಸ್ವ ದೀರ್ಘಗಳ ಗೊಡವೆಯಿಲ್ಲ, ಪಕ್ಕದ ಮರಾಠಿಗೂ ಇಲ್ಲ. ನಮ್ಮ ಮಕ್ಕಳೋ ಎತ್ವ, ಏತ್ವ ಎಂದು ರಾಗವೆಳೆಯುತ್ತ, ಕಾಲವನ್ನೇ ನಾಲಿಗೆಯ ಮೇಲೆ ಅಳೆಯುವುದನ್ನು ಕಲಿಯುತ್ತವೆ.

ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಗುಡಿಯೊಂದಿದೆ. ಅದರ ಗೋಡೆಯಲ್ಲಿ ಮೈ ಬಳುಕಿಸಿ ನಿಂತ ಶಿಲಾಬಾಲಿಕೆಯೊಬ್ಬಳು ಒಂಬತ್ತು ಶತಮಾನಗಳಿಂದ ಬರೆಯುತ್ತಲೇ ಇದ್ದಾಳೆ. ಕಲ್ಯಾಣದಲ್ಲಿ 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ ಅದು, ಸಂಸ್ಕೃತದಲ್ಲಿ. ರಾಜನ ಹೊಗಳಿಕೆ ಇರಲಿ. ನನ್ನ ಕಣ್ಣು ನಿಲ್ಲುವುದು ಅವಳ ಬೆರಳ ತುದಿಯಲ್ಲಿ. ಅವಳು ಬರೆಯುವ ಸಂಸ್ಕೃತದ ಎಕಾರ ಸದಾ ದೀರ್ಘ, ಅ ಮತ್ತು ಇ ಒಂದರೊಳಗೊಂದು ಕರಗಿ ಮೂಡಿದ ಸಂಧ್ಯಕ್ಷರ. ಆ ಕಾಲದ ಕನ್ನಡ ಶಾಸನಗಳಲ್ಲೋ ಎ, ಏ ಎರಡಕ್ಕೂ ಒಂದೇ ಗುರುತು. ಬೇರೆ ಮಾಡುವ ದೀರ್ಘದ ಚಿಹ್ನೆ ಬಂದದ್ದು ಎಷ್ಟೋ ಕಾಲದ ಮೇಲೆ. ಉಳಿ ಹಿಡಿದವನು ಅರ್ಧ ಸ್ವರವನ್ನು ಕಲ್ಲಿಗೆ ಕೊಟ್ಟು, ಉಳಿದರ್ಧವನ್ನು ಇನ್ನೂ ಹುಟ್ಟದ ಓದುಗನ ಎದೆಗೂಡಿಗೆ ಬಿಟ್ಟು ಹೋದ. ಶಾಸನದ ಪದ್ಯ ಓದುವಾಗ ಲಘು ಗುರುಗಳ ನಡಿಗೆಯೇ ಕೈಹಿಡಿದು, ಇಲ್ಲಿ ತುಸು ನಿಲ್ಲು, ಇಲ್ಲಿ ಬೇಗ ದಾಟು ಎನ್ನುತ್ತದೆ, ಮತ್ತು ಸತ್ತವರ ಉಸಿರು ನಮ್ಮ ಗಂಟಲಲ್ಲಿ ತನ್ನ ಅಳತೆಯನ್ನು ತಾನೇ ಕಂಡುಕೊಳ್ಳುತ್ತದೆ.

ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಅದರ ಓಣಿಗಳಲ್ಲಿ ನಡೆವಾಗ ಮೋಳಿಗೆ ಮಾರಯ್ಯ ನೆನಪಾಗುತ್ತಾನೆ. ಕಾಶ್ಮೀರದ ಅರಸೊತ್ತಿಗೆ ತೊರೆದು ಬಂದು ಇಲ್ಲಿ ಕಟ್ಟಿಗೆ ಮಾರಿ ಬದುಕಿದ, ಕನ್ನಡದಲ್ಲಿ ವಚನ ನುಡಿದ ಎನ್ನುತ್ತದೆ ಪರಂಪರೆ. ಅದು ನಿಜವೇ ಆದರೆ, ಸಂಸ್ಕೃತದ ದೀರ್ಘಕ್ಕೆ ಪಳಗಿದ ಆ ನಾಲಿಗೆಗೆ ನಮ್ಮ ಈ ಗಿಡ್ಡ ಎಕಾರವನ್ನು ಯಾರು ಕಲಿಸಿದರು? ಶಾಸನದ ಕಲ್ಲಂತೂ ಕಲಿಸಿರಲಾರದು, ಅದರಲ್ಲಿ ಆ ಭೇದವೇ ಇರಲಿಲ್ಲವಲ್ಲ. ಬಾಗಿಲಿಗೆ ಬಂದು ಚೌಕಾಸಿ ಮಾಡಿದ ಹೆಂಗಸರ ಬಾಯಿಂದಲೇ ಬಂದಿರಬೇಕು: ಹೊರೆ, ಬೆಲೆ, ಒಲೆ, ಕಟ್ಟಿಗೆ ಮಾರುವವನ ದಿನದಿನದ ಮಾತುಗಳೆಲ್ಲ ಆ ಹ್ರಸ್ವದಲ್ಲೇ ಮುಗಿಯುತ್ತವೆ.