ನೀತಿಯೂ ನಂಬಿಕೆಯೂ

ಟೊಮೇಟೋ ಹಣ್ಣೂ ಸೌತೆಕಾಯಿಯೂ ಅಡಿಗೆಮನೆಯ ಕಟ್ಟೆಯ ಮೇಲೆ ನಿಂತು ಧರ್ಮೋಪದೇಶ ಮಾಡುತ್ತವೆ ಎಂದರೆ ಹಿರಿಯರು ನಕ್ಕಾರು, ಮಕ್ಕಳು ನಂಬುತ್ತಾರೆ. 1993ರಲ್ಲಿ ಅಮೆರಿಕದಲ್ಲಿ ಫಿಲ್ ವಿಷರ್, ಮೈಕ್ ನವ್ರಾಕಿ ಎಂಬ ಗೆಳೆಯರಿಬ್ಬರು ‘ವೆಜಿಟೇಲ್ಸ್’ ಎಂಬ ಚಲಿಸುವ ಚಿತ್ರಮಾಲೆಯನ್ನು ಆರಂಭಿಸಿದರು. ತರಕಾರಿಗಳನ್ನೇ ಪಾತ್ರಗಳಾಗಿ ಆರಿಸಿಕೊಂಡದ್ದಕ್ಕೆ ಕಾರಣ ಸರಳ: ಅಂದಿನ ಕಂಪ್ಯೂಟರಿನಿಂದ ಕೈಕಾಲು, ಕೂದಲು, ಉಡುಪು ಮೂಡಿಸುವುದು ಕಷ್ಟವಾಗಿತ್ತು. ಮನೆಮಂದಿಯೆಲ್ಲ ಕೂಡಿ ನೋಡಬಹುದಾದ ಈ ಕ್ರೈಸ್ತ ಕಥೆಗಳು ಬಹು ಬೇಗ ಜನಪ್ರಿಯವಾದವು.

1995ರ ಒಂದು ಕಥೆಯನ್ನು ನೋಡೋಣ. ಬೈಬಲಿನ ದಾನಿಯೇಲನ ಗ್ರಂಥದಲ್ಲಿ ಮೂವರು ತರುಣರು ದೊರೆ ನೆಬೂಕದ್ನೆಚ್ಚರನ ಚಿನ್ನದ ಪ್ರತಿಮೆಗೆ ಅಡ್ಡಬೀಳಲು ಒಪ್ಪದೆ ಉರಿಯುವ ಆವಿಗೆಯ ಪಾಲಾಗುತ್ತಾರೆ. ದೇವರು ಅವರನ್ನು ಕಾಪಾಡುತ್ತಾನೆ. ಚಿತ್ರದಲ್ಲಿ ದೊರೆ ಚಾಕೊಲೇಟು ಕಾರ್ಖಾನೆಯ ಧಣಿಯಾಗಿದ್ದಾನೆ. ಪ್ರತಿಮೆ ಚಾಕೊಲೇಟಿನ ಮೊಲವಾಗಿದೆ. ಎಲ್ಲರೂ ತಪ್ಪು ಮಾಡಿದರೂ ನೀನು ಮಾಡಬೇಡ ಎಂಬುದು ಮಗುವಿಗೆ ಸಿಗುವ ಪಾಠ. ಒಳ್ಳೆಯ ಪಾಠವೇ ಸರಿ. ಆದರೆ ಇದನ್ನು ದೇವರ ಹೆಸರೆತ್ತದೆಯೂ ಹೇಳಬಹುದಲ್ಲ!

ಹಾಗೆ ಹೇಳುವ ಪ್ರಯತ್ನವೂ ನಡೆಯಿತು. 2006ರಲ್ಲಿ ಎನ್‌ಬಿಸಿ ದೂರದರ್ಶನ ಜಾಲ ಈ ಮಾಲೆಯನ್ನು ಪ್ರಸಾರ ಮಾಡಿದಾಗ ದೇವರ ಮತ್ತು ಬೈಬಲಿನ ಕೆಲವು ಉಲ್ಲೇಖಗಳಿಗೆ ಕತ್ತರಿ ಬಿತ್ತು. ಆಕ್ಷೇಪಗಳೆದ್ದವು. ಅದಕ್ಕಿಂತ ಗಂಭೀರವಾದ ಮಾತು 2011ರಲ್ಲಿ ವಿಷರ್ ಅವರ ಬಾಯಿಂದಲೇ ಬಂತು. ಅವರ ಸಂಸ್ಥೆ 2003ರಲ್ಲೇ ದಿವಾಳಿಯೆದ್ದಿತ್ತು. ಇಷ್ಟು ವರ್ಷ ತಾವು ಮಕ್ಕಳಿಗೆ ಕಲಿಸಿದ್ದು ಕ್ರೈಸ್ತರಂತೆ ನಡೆದುಕೊಳ್ಳುವುದನ್ನು, ಕ್ರೈಸ್ತಧರ್ಮವನ್ನಲ್ಲ ಎಂದು ಅವರು ಒಪ್ಪಿಕೊಂಡರು.

ನಡತೆ ಚೆನ್ನಾಗಿದ್ದರೆ ಸಾಲದೆ? ಆಟಿಕೆಯನ್ನು ಹಂಚಿಕೊಂಡ ಮಗುವನ್ನು, ನಿನ್ನ ಶ್ರದ್ಧೆ ಯಾವುದು ಎಂದು ಜೊತೆಗಾರ ಕೇಳುವುದಿಲ್ಲ. ಉಪಕಾರ ಪಡೆದವನಿಗೆ ಉಪಕಾರವೇ ಸಾಕು, ನಿಜ. ಆದರೆ ಒಳ್ಳೆಯತನದಿಂದ ನಷ್ಟವೇ ಬಂದ ದಿನ, ನಾನೇಕೆ ಒಳ್ಳೆಯವನಾಗಿರಬೇಕು ಎಂದು ಆ ಮಗು ತನ್ನನ್ನೇ ಕೇಳಿಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಸಂಕಟವೆಲ್ಲ ಕಳೆಯುವ ಕಥೆಗಳನ್ನಷ್ಟೇ ಕೇಳಿ ಬೆಳೆದಿದ್ದರೆ, ತಾನು ಮೋಸಹೋದೆ ಎಂದುಕೊಂಡರೆ ಆಶ್ಚರ್ಯವಿಲ್ಲ.

ಮೂಲ ಕಥೆಯ ತರುಣರು ಈ ಮೋಸಕ್ಕೆ ಒಳಗಾದವರಲ್ಲ. ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲ ಎಂದು ದೊರೆಗೆ ಹೇಳಿದವರು, ಬಿಡಿಸದೆ ಹೋದರೂ ಅಡ್ಡಬೀಳೆವು ಎಂದೂ ಹೇಳಿದರು. ಮೊದಲ ಮಾತಷ್ಟೇ ಇದ್ದಿದ್ದರೆ ಅದು ವ್ಯಾಪಾರವೂ ಆಗಬಹುದಿತ್ತು. ಎರಡನೆಯ ಮಾತು ಅದನ್ನು ನಂಬಿಕೆಯಾಗಿಸಿತು. ನೀತಿ ಫಲವನ್ನು ತೋರಿಸಿ ಕರೆಯಬಲ್ಲದು. ನಂಬಿಕೆ ಫಲ ಕಾಣದಾಗಲೂ ನಿಲ್ಲಬೇಕು.

ಇಷ್ಟೆಲ್ಲ ಭಾರವನ್ನು ಒಂದು ಸೌತೆಕಾಯಿಯ ಮೇಲೆ ಹೊರಿಸುವುದು ಅನ್ಯಾಯ. ಮಗುವಿನ ಎತ್ತರಕ್ಕೆ ಬಾಗಿ ಕಥೆ ಹೇಳುವುದು ತಪ್ಪಲ್ಲ. ಪರದೆಯ ಮುಂದೆ ಮಗುವನ್ನು ಕೂರಿಸಿ ನಾವು ಎದ್ದುಹೋಗುವುದು ತಪ್ಪು. ಬೆಂಕಿ ಅವರನ್ನು ಸುಟ್ಟೇಬಿಟ್ಟಿದ್ದರೆ ಎಂದು ಮಗು ಒಂದು ದಿನ ಕೇಳೀತು. ಆಗ ಉತ್ತರ ಹೇಳಬೇಕಾದವರು ಪಕ್ಕದಲ್ಲಿರಬೇಕು. ಉತ್ತರವನ್ನು ತಮ್ಮ ಬದುಕಿನಲ್ಲಿ ಸ್ವಲ್ಪವಾದರೂ ಹುಡುಕಿದವರಾಗಿರಬೇಕು.