ಹೇಳಬೇಕೋ, ಮುಚ್ಚಿಡಬೇಕೋ?

ನಮ್ಮ ಅಕ್ಕಲಕೋಟ ಭಾಗದಾಗ ಇಂಥ ಪ್ರಸಂಗ ಹೊಸದಲ್ಲ. ಮನೆಯ ಹಿರಿಯರಿಗೆ ತಿಂಗಳುಗಟ್ಟಲೆ ಹೊಟ್ಟೆ ಉರಿ, ಅರ್ಧ ರೊಟ್ಟಿಗೇ ಹೊಟ್ಟೆ ತುಂಬುತ್ತದೆ, ಮೈ ಇಳಿಯುತ್ತದೆ. ‘ಪಿತ್ತ ಆಗ್ಯದ’ ಎಂದು ಗುಳಿಗೆ ನುಂಗಿ ದಿನ ದೂಡುತ್ತಾರೆ. ಕಡೆಗೆ ಸೊಲ್ಲಾಪುರಕ್ಕೆ ಹೋಗಿ, ಬಾಯಿಯಿಂದ ನಳಿಗೆ ಇಳಿಸಿ, ತುಣುಕು ತೆಗೆದು ಪರೀಕ್ಷಿಸಿದಾಗ ಜಠರದ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ. ಮಗ ಡಾಕ್ಟರಿಗೆ ಹೇಳುವ ಮೊದಲ ಮಾತು: “ಸಾಹೇಬ್ರ, ಅಪ್ಪಗ ಹೇಳಬ್ಯಾಡ್ರಿ, ಎದಿ ಒಡಕೋತಾನ.”

ಇದರಲ್ಲಿ ಪ್ರೀತಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ರೋಗ ಯಾರದು? ಒಂದು ಎಕರೆ ಹೊಲ ಮಾರಲು ಅಪ್ಪನ ಹೆಬ್ಬೆಟ್ಟು ಬೇಕು. ಅವನ ಹೊಟ್ಟೆ ಕೊಯ್ಯಲು ಅವನ ತಿಳಿದ ಒಪ್ಪಿಗೆ ಬೇಡವೇ?

ಕ್ಯಾನ್ಸರ್ ಅಂದ್ರ ಸಾವು ಎಂಬ ನಂಬಿಕೆಯೇ ನಮ್ಮ ಬಾಯಿ ಕಟ್ಟಿದೆ. ರೋಗ ಜಠರದ ಒಳಪದರದಲ್ಲೇ ಇದ್ದಾಗ ಸಿಕ್ಕರೆ, ಅದನ್ನು ತೆಗೆದ ಮೇಲೆ ಹೆಚ್ಚಿನವರು ಗುಣವಾಗುತ್ತಾರೆ. ಆಳಕ್ಕೆ ಇಳಿದಿದ್ದರೆ ಆಪರೇಷನ್ನಿನ ಹಿಂದೆ-ಮುಂದೆ ಕಿಮೋ ಕೊಡುತ್ತಾರೆ; ಕೆಲವರು ಉಳಿಯುತ್ತಾರೆ, ಕೆಲವರಿಗೆ ಮರಳಿ ಬರುತ್ತದೆ. ಜಠರ ಪೂರ್ತಿ ತೆಗೆದರೂ ಬದುಕಬಹುದು: ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಉಣ್ಣಬೇಕು, ಬಿ-12 ಇಂಜೆಕ್ಷನ್ ತಪ್ಪಿಸಬಾರದು. ಲಿವರಿಗೆ ಹಬ್ಬಿದ್ದರೆ ಮಾತ್ರ ಗುಣವಾಗುವುದು ಕಷ್ಟ. ಕಿಮೋ ಕೆಲವು ತಿಂಗಳು ಕೊಡಬಹುದು. ನೋವಿಗೆ ಮಾರ್ಫಿನ್ ಇದೆ. ಆ ತಿಂಗಳುಗಳನ್ನು ಆಸ್ಪತ್ರೆಯಲ್ಲಿ ಕಳೆಯಬೇಕೋ, ಮೊಮ್ಮಕ್ಕಳ ನಡುವೆಯೋ? ಸತ್ಯ ಗೊತ್ತಿಲ್ಲದವನು ಇದನ್ನು ಹೇಗೆ ತೀರ್ಮಾನಿಸಬೇಕು?

ಹೆಸರೆತ್ತಿ ಮಾತಾಡಿದರೆ ಕೇಡಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯ ಬಾರ್ಶಿಯೇ ಸಾಕ್ಷಿ. ದೇಶದಲ್ಲೇ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಅಲ್ಲಿ 1987ರಲ್ಲಿ ಆರಂಭವಾಯಿತು. ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ರೋಗದ ಲಕ್ಷಣ ತಿಳಿಸಿದರು. ಮುಂದೆ ಆ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲಿಗಿಂತ ಬೇಗ ಪತ್ತೆಯಾಗತೊಡಗಿತು. ಊರಿಗೆ ಹೇಳಿದ್ದು ಊರಿಗೆ ಒಳ್ಳೆಯದಾಯಿತು.

ಹಾಗಂತ ರಿಪೋರ್ಟನ್ನು ಮುಖದ ಮೇಲೆ ಎಸೆಯಬಾರದು. ಹತ್ತಿರ ಕೂತು ಕೇಳಬೇಕು: “ಅಪ್ಪಾ, ರಿಪೋರ್ಟ್ ಬಂದದ. ಎಲ್ಲಾ ಹೇಳ್ಲೇನು?” “ನೀನೇ ನೋಡ್ಕೋ” ಅಂದರೆ ಅದೂ ಅವನದೇ ತೀರ್ಮಾನ, ಅಲ್ಲಿಗೆ ನಿಲ್ಲಿಸಬೇಕು. “ಹೇಳಪ್ಪಾ” ಅಂದರೆ ಸುಳ್ಳು ಹೇಳುವ ಅಧಿಕಾರ ನಮಗಿಲ್ಲ. ನಮ್ಮ ಮುಖ ನೋಡಿ ಅವನು ಅರ್ಧ ತಿಳಿದಿರುತ್ತಾನೆ. ಉಳಿದರ್ಧವನ್ನು ಒಬ್ಬನೇ ಹೊರದಂತೆ ನೋಡಿಕೊಳ್ಳುವುದು ಮಕ್ಕಳ ಕೆಲಸ.